ಮೂಲೆಗೆ ಗಂಟು ಹಾಕಿದ ಟವೆಲ್

"ನೀವು ಎಲ್ಲಿ ಇಳೀತೀರಿ?"

ಬಸ್ಸಿನಲ್ಲಿ ಪಕ್ಕಕ್ಕೆ ಯಾರು ಬಂದು ಕುಳಿತರೂ ನಮ್ಮ ಕಚೇರಿಯ ಹಿರಿಯರೊಬ್ಬರ ಮೊದಲ ಮಾತು ಇದೇ. ನಮಸ್ಕಾರ ಆಮೇಲೆ. ಅದೂ ಬಂದವನು ಹತ್ತಿರದ ಊರಿನಲ್ಲಿ ಇಳಿಯುವವನಾದರೆ ಮಾತ್ರ. ಕೊನೆಯವರೆಗೂ ಬರುವವನು ಎಂದು ಗೊತ್ತಾದರೆ ಕಾಲಿನ ಸಂದಿಯಲ್ಲಿದ್ದ ಚೀಲವನ್ನು ತೊಡೆಯ ಮೇಲಕ್ಕೆ ಎತ್ತಿಕೊಳ್ಳುತ್ತಿದ್ದರು. "ದೂರ ಹೋಗೋರಿಗೆ ಟೈಮ್ ಜಾಸ್ತಿ ಸಿಗ್ತದೆ ತಮ್ಮ" ಎಂದು ಒಮ್ಮೆ ನನ್ನ ಕಿವಿಯಲ್ಲಿ ಹೇಳಿದರು. ಯಾವುದಕ್ಕೆ ಟೈಮ್ ಎಂದು ಹೇಳಲಿಲ್ಲ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲೆಲ್ಲೋ ಬೀಳುವುದು ಅವರಿಗೆ ಇಷ್ಟವಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಅವರ ಹೆಸರು ಹಿಡಿದು ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಕೂಗಿದವನು ಹತ್ತಿರ ಬಂದು ಮುಖ ತೋರಿಸಬೇಕಿತ್ತು.

ನಾನು ಕೆಲಸಕ್ಕೆ ಸೇರಿದ್ದು ಸೊರಬದ ಒಂದು ಕಚೇರಿಯಲ್ಲಿ. ಅವರು ಅಲ್ಲಿ ಹಿರಿಯ ಗುಮಾಸ್ತರು. ಇಬ್ಬರ ಮನೆಯೂ ಶಿಕಾರಿಪುರದಲ್ಲಿ. ಹಾಗಾಗಿ ಬೆಳಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ, ಸಂಜೆ ಅದೇ ದಾರಿಯಲ್ಲಿ ವಾಪಸು ಬರುವ ಬಸ್ಸಿನಲ್ಲಿ, ನಾಲ್ಕು ವರ್ಷ ಅವರ ಜೊತೆ ಓಡಾಡಿದೆ. ಪಹಣಿ, ಖಾತೆ ಅಂತ ಜನ ಜಗಳ ಹೊತ್ತು ತರುವುದನ್ನು ನೋಡಿ ನೋಡಿ ಅವರಿಗೆ ಮನುಷ್ಯರ ಮೇಲಿನ ನಂಬಿಕೆಯೇ ಹೋಗಿದೆ ಎಂದು ಕಚೇರಿಯಲ್ಲಿ ಉಳಿದವರು ಹೇಳುತ್ತಿದ್ದರು. ನನಗೆ ಹಾಗನ್ನಿಸುತ್ತಿರಲಿಲ್ಲ. ಕಚೇರಿಯಲ್ಲಿ ಅವರು ಸಾಮಾನ್ಯರಂತೆಯೇ ಇರುತ್ತಿದ್ದರು. ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟ ಮೇಲೆಯೇ ಬೇರೆ ಮನುಷ್ಯರಾಗುತ್ತಿದ್ದುದು.

ದುಡ್ಡು ಬನಿಯನ್ನಿನ ಒಳಜೇಬಿನಲ್ಲಿ. ಬಸ್ಸಿನಲ್ಲಿ ಯಾರು ಏನು ಕೊಟ್ಟರೂ ತಿನ್ನುವಂತಿಲ್ಲ. "ಬಾಳೆಹಣ್ಣು ತಿನ್ನಬಹುದಲ್ಲ ಸರ್, ಸಿಪ್ಪೆ ಇರ್ತದೆ" ಎಂದರೆ, "ಸಿಪ್ಪೆಗೆ ಸೂಜಿ ಹೋಗಲ್ವಾ?" ಎಂದು ನನ್ನನ್ನೇ ಒಂದು ಕ್ಷಣ ನೋಡಿದರು. ಸೂಜಿಯ ವಿಷಯ ನನಗೆ ಮೊದಲೇ ಗೊತ್ತಿತ್ತೇನೋ ಎನ್ನುವಂತೆ.

ಊರು ಕೇಳಿದವರಿಗೆ ಅವರು ನಿಜ ಹೇಳುತ್ತಿರಲಿಲ್ಲ. ಮೊದಮೊದಲು ನನಗೂ ಅವರ ಮೇಲೆ ಸಂಶಯ ಬಂತು. ಶಿಕಾರಿಪುರದಲ್ಲಿ ಸ್ವಂತ ಮನೆ ಇಟ್ಟುಕೊಂಡು ದಿನಕ್ಕೊಂದು ಊರು ಹೇಳುವ ಮನುಷ್ಯ ಏನನ್ನೋ ಮುಚ್ಚಿಡುತ್ತಿರಬೇಕು ಎಂದುಕೊಂಡು, ದಿನಚರಿಯ ಹಿಂದಿನ ಪುಟದಲ್ಲಿ ಅವರು ಹೇಳಿದ ಊರುಗಳಿಗೆ ಗೀಟು ಹಾಕುತ್ತ ಹೋದೆ. ಜಡೆ ಎಂಬ ಊರಿಗೆ ಅತಿ ಹೆಚ್ಚು ಗೀಟು ಬಿದ್ದವು. ಎರಡನೆಯದು ಕುಬಟೂರು. ವರ್ಷ ಮುಗಿದರೂ ಶಿಕಾರಿಪುರಕ್ಕೆ ಒಂದು ಗೀಟೂ ಬೀಳಲಿಲ್ಲ.

ಕುಬಟೂರಿನ ಗೀಟು ನಿಂತದ್ದಕ್ಕೆ ಕಾರಣ ಇದೆ. ಒಂದು ಸೋಮವಾರ ಪಕ್ಕದಲ್ಲಿ ಕುಳಿತವನಿಗೆ ಹಾಗೆ ಹೇಳಿದರು. ಅವನು ಅರಳಿಬಿಟ್ಟ. "ಹೌದಾ? ನಮ್ದೂ ಕುಬಟೂರೇ ಮಾರಾಯ್ರೇ! ಯಾರ ಮನೆಯೋರು?"

"ಅಲ್ಲೇ... ದೇವಸ್ಥಾನದ ಹತ್ರ."

"ಯಾವ ದೇವಸ್ಥಾನ ಅಂತ ಹೇಳಿ. ನಮ್ಮೂರಲ್ಲಿ ಕಾಲಿಟ್ಟಲ್ಲೆಲ್ಲ ದೇವಸ್ಥಾನ!"

ಶಿರಾಳಕೊಪ್ಪ ಬಂತು. ನಮ್ಮವರು ಚೀಲ ಎತ್ತಿಕೊಂಡು ಇಳಿದೇಬಿಟ್ಟರು. ಮುಂದಿನ ಬಸ್ಸು ಹಿಡಿದು ಕಚೇರಿಗೆ ತಡವಾಗಿ ಬಂದು ನನ್ನ ಮೇಜಿನ ಮುಂದೆ ನಿಂತು, "ಆ ಮನುಷ್ಯ ನಿಜವಾಗಿ ಕುಬಟೂರಿನವನಾ, ಅಥ್ವಾ ನನ್ನ ಬಾಯಿ ಬಿಡ್ಸೋಕೆ ಹಂಗಂದ್ನಾ?" ಎಂದು ಕೇಳಿದರು.

ಇನ್ನೊಂದು ಸಲ ಸೊರಬದ ಬಸ್ ಸ್ಟ್ಯಾಂಡಿಗೆ ಬೆನ್ನಿಗೆ ದೊಡ್ಡ ದೊಡ್ಡ ಚೀಲ ಕಟ್ಟಿಕೊಂಡ ಇಬ್ಬರು ವಿದೇಶದವರು ಬಂದರು. ಗಂಡ, ಹೆಂಡತಿ. ಕೈಯಲ್ಲಿ ನಕ್ಷೆ. ಕುಬಟೂರಿನ ಹಳೆಯ ಗುಡಿ ನೋಡಬೇಕಂತೆ, ಯಾವ ಬಸ್ಸು ಎಂದು ಇವರನ್ನೇ ಕೇಳಿದರು. ಇವರು ಬಸ್ಸು ತೋರಿಸುವ ಬದಲು, ಯಾಕೆ ನೋಡಬೇಕು, ಯಾರು ಹೇಳಿದರು, ಮತ್ತೆ ಯಾವಾಗ ವಾಪಸು ಎಂದು ತಮಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ವಿಚಾರಣೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅಷ್ಟು ದೊಡ್ಡ ಚೀಲ ಯಾಕೆ ಇವರಿಗೆ? ಒಂದು ವಿಗ್ರಹ ಆರಾಮಾಗಿ ಹಿಡಿಸ್ತದೆ" ಎಂದವರೇ, ಅರ್ಧ ದಿನ ರಜೆ ಬರೆದುಕೊಟ್ಟು ಅವರ ಜೊತೆಗೇ ಬಸ್ಸು ಹತ್ತಿದರು. ಗುಡಿಯ ಸುತ್ತ ಅವರ ಹಿಂದೆ ಹಿಂದೆಯೇ ತಿರುಗಿದರಂತೆ. ಸಂಜೆ ಅವರನ್ನು ಸೊರಬಕ್ಕೆ ಕರೆತಂದು, ಸಾಗರದ ಬಸ್ಸಿನಲ್ಲಿ ಕೂರಿಸಿ, ಬಸ್ಸು ಹೊರಡುವವರೆಗೂ ನಿಂತಿದ್ದರು. ಆ ಹೆಂಗಸು ಕಿಟಕಿಯಿಂದ ಇವರ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಏನೇನೋ ಹೇಳಿದಳು. ಇಂಥ ಒಳ್ಳೆಯ ಮನುಷ್ಯ ಈ ದೇಶದಲ್ಲೇ ಸಿಕ್ಕಿರಲಿಲ್ಲ ಎನ್ನುತ್ತಿದ್ದಾಳೆ ಎಂದು ನನಗೆ ಅರ್ಥವಾಯಿತು. ಗಂಡ ಫೋಟೊ ತೆಗೆಯಲು ಹೋದಾಗ ಇವರು ಟವೆಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು.

ಆ ಟವೆಲಿನ ವಿಷಯ ಹೇಳಬೇಕು. ಕೆಂಪು ಅಂಚಿನ ಬಿಳಿ ಟವೆಲು. ಒಂದು ಮೂಲೆಗೆ ಸದಾ ಗಂಟು, ಬೇರೆ ಯಾರಾದರೂ ಅಂಥದೇ ಟವೆಲು ತಂದು ಬದಲಾಯಿಸಿದರೆ ಗೊತ್ತಾಗಲಿ ಎಂದು. ನಮ್ಮ ಕಡೆ ಬಸ್ಸು ಬಂದು ನಿಲ್ಲುತ್ತಿದ್ದಂತೆ ಕಿಟಕಿಯಿಂದ ಟವೆಲು ಒಳಗೆ ಹಾಕಿದರೆ ಆ ಸೀಟು ನಮ್ಮದಾಯಿತು. ಇದಕ್ಕೆ ಕಾನೂನು ಇಲ್ಲ, ಆದರೆ ಮುರಿಯುವವರೂ ಇಲ್ಲ. ಟವೆಲು ಹಾಕಿ ಚಹಾ ಕುಡಿದು ಬರಬಹುದು. ಹೊರಡುವ ಹೊತ್ತಿಗೆ ಡ್ರೈವರು ಹಾರನ್ನು ಬಡಿಯುತ್ತಾನೆ. ಆಗಲೂ ಬರದಿದ್ದರೆ ಕಂಡಕ್ಟರು ಬಾಗಿಲಲ್ಲಿ ನಿಂತು "ಯಾರದ್ರೀ ಇದು ಟವೆಲು?" ಎಂದು ಸ್ಟ್ಯಾಂಡಿಗೆಲ್ಲ ಕೇಳುವಂತೆ ಕೂಗುತ್ತಾನೆ. ಬಸ್ಸು ಹೊರಟುಹೋಗುತ್ತಿದ್ದರೂ ಹಿಂದಿನಿಂದ "ಟವೆಲ್ ಐತ್ರೀ!" ಎಂದು ಕೂಗಿದರೆ ಸಾಕು, ನಿಂತುಬಿಡುತ್ತದೆ. ಯಾರನ್ನೂ ನಂಬದ ಅವರು ಇದೊಂದನ್ನು ನಂಬಿದ್ದರು.

ನಾನು ಅಕ್ಕ ಎಂದು ಕರೆಯುತ್ತಿದ್ದ ಅವರ ಹೆಂಡತಿಗೆ ಬಹಳ ವರ್ಷಗಳಿಂದ ಒಂದು ಆಸೆ. ಎರಡು ಅಂತಸ್ತಿನ ಬಸ್ಸಿನಲ್ಲಿ ಮೇಲೆ, ಎಲ್ಲಕ್ಕಿಂತ ಮುಂದೆ ಕುಳಿತು ಹೋಗಬೇಕು. ಅದಕ್ಕೆ ಆಕೆ "ಅಟ್ಟದ ಬಸ್ಸು" ಎನ್ನುತ್ತಿದ್ದರು. ಒಂದು ಬೇಸಿಗೆಯಲ್ಲಿ ಇವರು ಕೊನೆಗೂ ಒಪ್ಪಿ, ಅಂಥ ಬಸ್ಸು ಓಡುವ ಹೈದರಾಬಾದಿಗೆ ಹೊರಡುವುದೆಂದು ತೀರ್ಮಾನಿಸಿ, ನನ್ನನ್ನೂ ಕರೆದರು.

"ನಾನ್ಯಾಕೆ ಸರ್ ಮಧ್ಯೆ?"

"ನಾನು ದಾರಿ ವಿಚಾರಿಸೋಕೆ ಹೋದಾಗ ಲಗೇಜು ಕಾಯೋಕೆ ಒಬ್ರು ಬೇಕಲ್ಲೋ."

"ಅಕ್ಕ ಇರ್ತಾರಲ್ಲ?"

"ಲಗೇಜು ಕಾಯೋನನ್ನ ನೋಡ್ಕೊಳೋಕೂ ಒಬ್ರು ಬೇಕು."

ದಾವಣಗೆರೆಗೆ ಹೋಗಿ ಅಲ್ಲಿಂದ ದೂರದ ಬಸ್ಸು ಹಿಡಿದು ಬೆಳಕು ಹರಿಯುವ ಹೊತ್ತಿಗೆ ಹೈದರಾಬಾದಿನಲ್ಲಿ ಇಳಿದೆವು. ಇಳಿದ ಕೂಡಲೇ ನಿಯಮಗಳು ಶುರುವಾದವು. ಹೊಸಬರು ಎಂದು ಗೊತ್ತಾಗುವಂತೆ ತಲೆ ಎತ್ತಿ ಕಟ್ಟಡ ನೋಡಬಾರದು. ದಾರಿಯನ್ನು ಒಬ್ಬನ ಹತ್ತಿರ ಕೇಳಬಾರದು. ಮೂವರನ್ನು ಬೇರೆ ಬೇರೆಯಾಗಿ ಕೇಳಿ, ಇಬ್ಬರ ಮಾತು ಕೂಡಿದರೆ ಮಾತ್ರ ಹೆಜ್ಜೆ ಇಡಬೇಕು. ಆಟೊದವರನ್ನು ಕೇಳುವಂತೆಯೇ ಇಲ್ಲ. ಎಲ್ಲಕ್ಕಿಂತ ಮುಖ್ಯ, ಇಳಿದುಕೊಂಡ ಲಾಡ್ಜಿನ ಹೆಸರು ಅವರೊಬ್ಬರಿಗೇ ಗೊತ್ತಿರಬೇಕು. ನಾನು ಬೋರ್ಡು ನೋಡಲು ಕತ್ತೆತ್ತಿದಾಗ ಹೆಗಲು ಹಿಡಿದು ಒಳಗೆ ತಳ್ಳಿದರು. "ಹೆಸರು ಗೊತ್ತಿದ್ರೆ ಯಾರಾದ್ರೂ ಕೇಳ್ದಾಗ ಬಾಯಿಗೆ ಬರ್ತದೆ. ಗೊತ್ತಿಲ್ದಿದ್ರೆ ಎಲ್ಲಿಂದ ಬರ್ತದೆ?"

"ನಾವು ತಪ್ಪಿಸ್ಕೊಂಡ್ರೆ?" ಎಂದರು ಅಕ್ಕ.

"ನಾನಿರ್ತೀನಲ್ಲ."

ಬೆಳಗ್ಗೆ ತಿಂಡಿ ತಿಂದು ಒಂದು ದೊಡ್ಡ ಸಿಟಿ ಬಸ್ ಸ್ಟ್ಯಾಂಡಿಗೆ ಬಂದೆವು. ಅಲ್ಲಿಂದಲೇ ಬಸ್ಸುಗಳು ಹೊರಡುವುದು. ಝೂ ನೋಡಲು ಹೋಗಬೇಕಿತ್ತು. ಎದುರಿಗೇ ಎರಡು ಅಂತಸ್ತಿನ ಬಸ್ಸು ಎಂಜಿನ್ ಆರಿಸಿಕೊಂಡು ನಿಂತಿತ್ತು. ಅಕ್ಕನ ಮುಖ ನೋಡಬೇಕಿತ್ತು ನೀವು. ಇವರು ಕೂಡಲೇ ಹೆಗಲ ಮೇಲಿನ ಟವೆಲು ತೆಗೆದು ಮೇಲೆ ನೋಡಿದರು. ಬೇಕಾದ ಕಿಟಕಿ ಅಟ್ಟದ ಮೇಲಿತ್ತು. ಟವೆಲನ್ನು ಉಂಡೆ ಮಾಡಿ ಒಂದೆರಡು ಸಲ ತೂಗಿ ನೋಡಿದರು.

"ಕೊಡ್ರಿ ಇಲ್ಲಿ, ಮರಕ್ಕೆ ಕಲ್ಲು ಹೊಡಿಯೋರ ಥರ ಆಡ್ಬೇಡಿ. ನಾನೇ ಹೋಗಿ ಹಾಕ್ತೀನಿ" ಎಂದರು ಅಕ್ಕ.

"ಹಾಕಿ ಅಲ್ಲೇ ಕೂತಿರು. ಟವೆಲ್ ಬಿಟ್ಟು ಏಳ್ಬೇಡ. ಯಾರು ಏನಂದ್ರೂ ಏಳ್ಬೇಡ. ಈ ಬಸ್ಸು ಝೂಗೆ ಹೋಗ್ತದೋ ಇಲ್ವೋ ಕೇಳ್ಕೊಂಡು ಬರ್ತೀನಿ."

ಆಕೆ ಮೆಟ್ಟಿಲು ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನ ಮುಂದಿನ ಕಿಟಕಿಯಲ್ಲಿ ಆಕೆಯ ಮುಖ, ಪಕ್ಕದ ಸೀಟಿನ ಮೇಲೆ ಟವೆಲಿನ ಕೆಂಪು ಅಂಚು ಕಾಣಿಸಿತು. ಇವರು ನನ್ನನ್ನು ಲಗೇಜು ಚೀಲದ ಜೊತೆ ಕಂಬದ ಹತ್ತಿರ ನಿಲ್ಲಿಸಿದರು. ಲಾಡ್ಜಿನಲ್ಲಿ ಬಿಟ್ಟರೆ ನಂಬಿಕೆ ಇಲ್ಲವೆಂದು ಲಗೇಜೂ ನಮ್ಮ ಜೊತೆಗೇ ಝೂ ನೋಡಲು ಹೊರಟಿತ್ತು.

ಮೊದಲನೆಯವನು ಹೋಗುತ್ತದೆ ಎಂದ. ಎರಡನೆಯವನು ಅರ್ಧ ದಾರಿಗೇ ನಿಲ್ಲುತ್ತದೆ ಎಂದ. ಇವರು ಮೂರನೆಯವನನ್ನು ಹುಡುಕಿಕೊಂಡು ಹಣ್ಣಿನ ಗಾಡಿಯ ಕಡೆಗೆ ನಡೆದರು. ಅಷ್ಟರಲ್ಲಿ ಡ್ರೈವರು ಬಂದು ಕುಳಿತ. ನಾನು ಹಾರನ್ನು ಆಗಲಿ ಎಂದು ಕಾದೆ. ಹಾರನ್ನು ಆಗಲಿಲ್ಲ. ಕಂಡಕ್ಟರು ಕೂಗುತ್ತಾನೆ ಎಂದು ಕಾದೆ. ಕೂಗಲಿಲ್ಲ. ಬಸ್ಸು ಸುಮ್ಮನೆ ಹೊರಟಿತು.

ಅವರು ತಿರುಗಿ ನೋಡಿದವರೇ ಓಡಿದರು. ಪಂಚೆ ಎತ್ತಿ ಹಿಡಿದು, ಬಸ್ಸಿನ ಹಿಂದೆ, ಗಂಟಲು ಹರಿಯುವಂತೆ ಕೂಗುತ್ತ.

"ಒಳಗೆ ಟವೆಲ್ ಐತ್ರೀ! ಏ, ಟವೆಲ್ ಐತ್ರೀ!"

ಸ್ಟ್ಯಾಂಡಿನಲ್ಲಿದ್ದವರೆಲ್ಲ ನೋಡಿದರು. ಯಾರಿಗೂ ಏನೂ ಅರ್ಥವಾಗಲಿಲ್ಲ. ಬಸ್ಸು ಗೇಟು ದಾಟಿ ತಿರುಗಿತು. ಮೇಲಿನ ಕಿಟಕಿಯಲ್ಲಿ ಅಕ್ಕ ಹಿಂದಕ್ಕೆ ತಿರುಗಿ ನೋಡುತ್ತಿದ್ದುದು ಕೊನೆಗೆ ಕಂಡದ್ದು.

ವಾಪಸು ಬಂದು ಕಂಬಕ್ಕೆ ಒರಗಿ ನಿಂತರು. ಉಸಿರು ಸಿಕ್ಕ ಮೇಲೆ, "ತಮ್ಮ, ಅವಳಿಗೆ ಲಾಡ್ಜಿನ ಹೆಸರು ಗೊತ್ತಿಲ್ಲ" ಎಂದರು. "ಕೈಯಲ್ಲಿ ಒಂದು ಪೈಸೆ ಇಲ್ಲ. ಭಾಷೆ ಬರಲ್ಲ. ನಾನೇ ಏನೂ ಹೇಳಿಲ್ಲ ಅವಳಿಗೆ."

ಆಗ ಮೊದಲ ಬಾರಿ ಅವರು ನಿಯಮ ಮರೆತು ಕಂಡಕಂಡವರನ್ನೆಲ್ಲ ಕೇಳತೊಡಗಿದರು. ಹಣ್ಣಿನ ಗಾಡಿಯವನು, ಬಸ್ಸು ತಿರುಗಿ ಇಲ್ಲಿಗೇ ಬರುತ್ತದೆ, ನಿಂತಿರಿ ಎಂದ. ಪೊಲೀಸಿನವನು ಠಾಣೆಗೆ ಹೋಗಿ ಬರೆದುಕೊಡಿ ಎಂದ. ಆಟೊದವನೊಬ್ಬ ತಾನಾಗಿಯೇ ಬಂದು, ಹತ್ತಿ ಕೂರಿ, ಬಸ್ಸನ್ನು ಹಿಡಿದುಕೊಡುತ್ತೇನೆ ಎಂದ. ಮೂವರದು ಮೂರು ಮಾತು. ಎರಡು ಕೂಡಲಿಲ್ಲ.

ಪೊಲೀಸಿನವನು "ನಾಮ್ ಕ್ಯಾ ಹೈ ಉನ್ಕಾ?" ಎಂದು ಹೆಂಡತಿಯ ಹೆಸರು ಕೇಳಿದಾಗ ಇವರ ಬಾಯಿ ಅಭ್ಯಾಸದಿಂದ ಮುಚ್ಚಿಕೊಂಡಿತು. ನನ್ನ ಕಡೆ ತಿರುಗಿ, "ಹೆಸರು ಯಾಕೆ ಬೇಕಂತೆ ಅವ್ನಿಗೆ?" ಎಂದರು. ಪೊಲೀಸಿನವನು ಕೈ ಝಾಡಿಸಿ ಹೊರಟ. ನಾಲ್ಕು ಹೆಜ್ಜೆ ಹೋಗುವವರೆಗೆ ನೋಡುತ್ತ ನಿಂತಿದ್ದವರು ಆಮೇಲೆ ಹಿಂದೆಯೇ ಹೋಗಿ, "ಶಾಂತಮ್ಮ. ಶಾಂತಮ್ಮ ಅಂತ. ಊರು ಶಿಕಾರಿಪುರ" ಎಂದರು. ಅವರ ಬಾಯಲ್ಲಿ ಆ ಎರಡೂ ಹೆಸರು ನಾನು ಕೇಳಿದ್ದು ಅದೇ ಮೊದಲು.

ಇಷ್ಟು ಹೊತ್ತೂ ಕೊಡೆ ಹಿಡಿದ ಒಬ್ಬ ಮುದುಕ ಕಲ್ಲುಬೆಂಚಿನ ಮೇಲೆ ಕುಳಿತು ನಮ್ಮನ್ನೇ ನೋಡುತ್ತಿದ್ದ. ಇವರು ಚೀಲವನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡು, "ಅವ್ನನ್ನ ನೋಡ್ಕೋ. ಬಂದ ಬಸ್ಸೆಲ್ಲ ಬಿಡ್ತಾ ಇದಾನೆ. ಯಾಕೆ ಬಿಡ್ತಾನೆ?" ಎಂದರು. ನನಗೂ ಅನುಮಾನವಾಯಿತು.

ಆಟೊದವನು ಮತ್ತೆ ಕರೆದ. ಇವರು ಒಂದು ಕಾಲು ಆಟೊದೊಳಗೆ ಇಟ್ಟೇಬಿಟ್ಟರು. ಇನ್ನೊಂದು ಕಾಲು ನೆಲದ ಮೇಲಿತ್ತು. ಹಾಗೇ ನಿಂತು ಏನೋ ಯೋಚಿಸಿದರು. ಒಳಗಿಟ್ಟ ಕಾಲನ್ನು ವಾಪಸು ತೆಗೆದರು.

"ತಮ್ಮ, ಟವೆಲ್ ಬಿಟ್ಟು ಏಳ್ಬೇಡ ಅಂತ ಹೇಳಿದೀನಿ ಅಲ್ವಾ ಅವಳಿಗೆ?"

"ಹೇಳಿದೀರಿ ಸರ್."

"ಏಳಲ್ಲ ಅವಳು. ಬಸ್ಸು ಎಲ್ಲಿಗೆ ಹೋದ್ರೂ ಆ ಸೀಟು ಬಿಡಲ್ಲ. ಬಸ್ಸು ಇಲ್ಲಿಗೇ ಬರ್ಬೇಕಲ್ಲ?"

"ಹಣ್ಣಿನವನು ಬರ್ತದೆ ಅಂದ."

"ಅವನ ಮಾತು ಬಿಡು. ಅವಳು ಏಳಲ್ಲ. ಅಷ್ಟು ಗೊತ್ತು ನಂಗೆ. ನಾವೂ ಇಲ್ಲಿಂದ ಅಲ್ಲಾಡೋದು ಬೇಡ."

ನಿಂತೆವು. ನೀರು ಕುಡಿಯಲೂ ಅವರು ಹೋಗಲಿಲ್ಲ. ಬಿಸಿಲು ಕಂಬದ ಈ ಕಡೆಯಿಂದ ಆ ಕಡೆಗೆ ಬಂತು. ಎರಡು ಅಂತಸ್ತಿನ ಬಸ್ಸೊಂದು ಗೇಟಿನಲ್ಲಿ ಕಂಡಾಗ ಅವರು ಮುಂದಕ್ಕೆ ಓಡಿದರು. ಮೇಲಿನ ಮುಂದಿನ ಸೀಟಿನಲ್ಲಿ ಶಾಲೆಯ ಹುಡುಗಿಯರು ಕುಳಿತಿದ್ದರು. ವಾಪಸು ಬಂದು ಮೊದಲಿದ್ದ ಜಾಗದಲ್ಲೇ ನಿಂತರು. ಖಾಲಿ ಹೆಗಲನ್ನು ಮತ್ತೆ ಮತ್ತೆ ಸವರಿಕೊಳ್ಳುತ್ತಿದ್ದರು. ಇನ್ನೊಂದು ಬಂತು. ಅದರಲ್ಲೂ ಇರಲಿಲ್ಲ. ಆಗ ಅವರ ಮುಖ ನೋಡಲು ನನಗೆ ಭಯವಾಗಿ ನೆಲ ನೋಡುತ್ತ ನಿಂತೆ.

"ಆಗಯಾ, ಆಗಯಾ!" ಎಂದು ಮೊದಲು ಕೂಗಿದ್ದು ಕೊಡೆಯ ಮುದುಕ. ಎದ್ದು ನಿಂತು ಕೊಡೆಯ ತುದಿಯಿಂದ ಗೇಟಿನ ಕಡೆ ತೋರಿಸುತ್ತಿದ್ದ. ಮೂರನೆಯ ಬಸ್ಸಿನ ಮೇಲಿನ ಕಿಟಕಿಯಲ್ಲಿ ಅಕ್ಕ ಇದ್ದರು.

"ಶಾಂತಾ!" ಎಂದು ಇವರು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು.

ಆಕೆ ಕಿಟಕಿಯಿಂದ ಬಗ್ಗಿದರು. "ಯಾಕ್ರೀ ಹಂಗೆ ಹೆಸರು ಹಿಡಿದು ಕೂಗ್ತೀರಿ? ಮೇಲೆ ಬನ್ನಿ. ಜಾಗ ಹಿಡಿದೀನಿ. ತಮ್ಮನಿಗೂ ಹಿಂದೊಂದು ಖಾಲಿ ಐತೆ."

ನಾನು ಚೀಲ ಹೊತ್ತುಕೊಂಡು ತಿರುಗಿ ನೋಡುವಾಗ ಮುದುಕ ಕೊಡೆ ಮಡಿಸಿ ತನ್ನ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದ.

ಮೇಲೆ ಹೋದೆವು. ಅಕ್ಕನ ಪಕ್ಕದ ಸೀಟಿನ ಮೇಲೆ ಟವೆಲು ಹಾಗೇ ಹಾಸಿತ್ತು. ಇವರು ಅದನ್ನು ಎತ್ತಿ, ಗಂಟು ಮುಟ್ಟಿ ನೋಡಿ, ಕುಳಿತರು. ಅಕ್ಕನೇ ಹೇಳಿದರು. ಬಸ್ಸು ತುಂಬಿ ಜನ ನಿಂತಿದ್ದರಂತೆ, ಟವೆಲು ತೆಗೆ ಎಂದು ಬೈದರಂತೆ, ಈಕೆ ಕನ್ನಡದಲ್ಲೇ ವಾಪಸು ಬೈದರಂತೆ. ಮರದ ಕೊಂಬೆಗಳು ಗಾಜಿಗೆ ಬಡಿಯುತ್ತಿದ್ದವಂತೆ.

"ಟಿಕೆಟ್ಟಿಗೆ ದುಡ್ಡೆಲ್ಲಿತ್ತು ನಿನ್ನ ಹತ್ರ?" ಎಂದು ಕೊನೆಗೆ ಕೇಳಿದರು.

ಆಕೆ ಸೆರಗಿನ ತುದಿಯ ಗಂಟು ತೋರಿಸಿದರು. "ಮದುವೆ ಆದಾಗಿಂದ ಐತೆ ಇದು. ನೀವು ಒಂದಿನ ಯಾವನನ್ನೋ ವಿಚಾರಿಸ್ತಾ ನನ್ನ ಎಲ್ಲಾದ್ರೂ ಬಿಟ್ಟು ಬಿಡ್ತೀರಿ ಅಂತ ನಂಗೆ ಗೊತ್ತಿತ್ತು. ಲಾಡ್ಜಿನ ಹೆಸರೂ ಕೇಳ್ಕೊಂಡಿದ್ದೆ, ಕಸ ಗುಡಿಸೋಕೆ ಬಂದಿದ್ಲಲ್ಲ, ಆ ಹೆಂಗಸಿನ ಹತ್ರ. ಕೈ ಬಾಯಿ ತೋರಿಸ್ಕೊಂಡು ಕೇಳ್ದೆ."

"ಮತ್ತೆ ಇಳಿದು ಲಾಡ್ಜಿಗೆ ಹೋಗೋದಲ್ವಾ?"

"ನಾನು ಅಲ್ಲಿಗೆ ಹೋಗಿ ಕೂತ್ರೆ ನೀವು ಇಲ್ಲಿ ನಿಂತಿರ್ತೀರಿ. ಯಾರು ಹೇಳಿದ್ರೂ ನಂಬಲ್ಲ ನೀವು. ಅದಕ್ಕೆ ಬಸ್ಸಲ್ಲೇ ಕೂತೆ."

ಅವರು ಟವೆಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ಗಂಭೀರವಾಗಿ, "ಆ ಕಸದ ಹೆಂಗಸು ಊರು ಯಾವ್ದು ಅಂತ ಕೇಳಿದ್ಲಾ?" ಎಂದರು.

"ಕೇಳಿದ್ಲು."

"ಏನಂದೆ?"

"ಜಡೆ ಅಂದೆ."

ನಾಲ್ಕು ವರ್ಷದಲ್ಲಿ ಅವರು ಬಾಯಿ ತೆರೆದು ನಕ್ಕದ್ದನ್ನು ನಾನು ಆಗ ಮಾತ್ರ ನೋಡಿದೆ. ಮುಂದೆ ಝೂ ಬಂತು. "ಇದೇ ನೋಡಿ, ಆಗ್ಲೇ ಬಾಗಿಲು ನೋಡಿದೆ" ಎಂದರು ಅಕ್ಕ. ಮೂವರೂ ಇಳಿಯಲಿಲ್ಲ. ಕೊನೆಯವರೆಗೂ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬಂದೆವು.

ಆ ಪ್ರವಾಸದಿಂದ ಅವರೇನೂ ಬದಲಾಗಲಿಲ್ಲ. ಶಿಕಾರಿಪುರಕ್ಕೆ ಬಂದ ಮಾರನೆಯ ದಿನವೇ ಯಾರೋ ಊರು ಕೇಳಿದರು, ಇವರು ಆನವಟ್ಟಿ ಎಂದರು. ನಿವೃತ್ತರಾದ ಮೇಲೂ ಅಷ್ಟೇ. ಕಾಯಿಲೆ ಬಿದ್ದಾಗ ನೋಡಲು ಹೋಗಿದ್ದೆ. ಔಷಧಿಯ ಬಾಟಲಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸುತ್ತಿದ್ದರು. "ಮೂರು ಡಾಕ್ಟರು, ಮೂರು ಮಾತು. ಎರಡು ಕೂಡ್ತಿಲ್ಲ ತಮ್ಮ" ಎಂದರು. ಪಕ್ಕದಲ್ಲಿ ಅಕ್ಕ ಕುಳಿತಿದ್ದರು. ಎದ್ದು ನನಗೆ ಚಹಾ ಮಾಡಲು ಹೊರಟಾಗ, ಇವರು "ಏಳ್ಬೇಡ" ಎಂದರು.

ಕಳೆದ ವಾರ ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಸಿಕ್ಕಿದರು. ಸೊರಬಕ್ಕೆ ಹೊರಟಿದ್ದರು, ತಂಗಿಯ ಮನೆಗೆ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲು ಒಳಗೆ ಹಾಕಿದರು. ಕೆಂಪು ಅಂಚು ಮಾಸಿತ್ತು, ಗಂಟು ಹಾಗೇ ಇತ್ತು. ಒಳಗೆ ಹೋಗಿ ಕಿಟಕಿಯ ಪಕ್ಕ ಕುಳಿತು, ಟವೆಲನ್ನು ಎತ್ತಿ ಪಕ್ಕದ ಸೀಟಿಗೆ ಹಾಸಿದರು. ನಾನು ಅಲ್ಲಿ ಕೂರಲು ಹೋದೆ. "ನೀನು ಹಿಂದೆ ಕೂತ್ಕೋ ತಮ್ಮ. ಅಲ್ಲಿಂದ ಚೀಲ ಚೆನ್ನಾಗಿ ಕಾಣ್ತದೆ" ಎಂದರು.

ಬಸ್ಸು ತುಂಬಿತು. ಟವೆಲು ಹಾಸಿದ ಸೀಟು ಖಾಲಿಯೇ ಇತ್ತು. ಕಂಡಕ್ಟರು ನೋಡಿದ, ಕೇಳಲಿಲ್ಲ. ಹೊರಡುವ ಹೊತ್ತಿಗೆ ಕೈಯಲ್ಲಿ ಬುಟ್ಟಿ ಹಿಡಿದ ಹೆಂಗಸೊಬ್ಬಳು ಬಂದಳು.

"ಯಾರಾದ್ರೂ ಬರ್ತಾರೇನ್ರೀ ಇಲ್ಲಿ?"

ಅಕ್ಕ ಬಾಗಿಲ ಕಡೆ ನೋಡಿದರು. ಡ್ರೈವರು ಇನ್ನೊಮ್ಮೆ ಹಾರನ್ನು ಬಡಿದ. ಅಕ್ಕ ಆ ಹೆಂಗಸನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನೀವು ಎಲ್ಲಿ ಇಳೀತೀರಿ?"

"ಶಿರಾಳಕೊಪ್ಪ."

ಅಕ್ಕ ಟವೆಲು ತೆಗೆದು, ಮಡಿಸಿ, ತೊಡೆಯ ಮೇಲೆ ಇಟ್ಟುಕೊಂಡರು. ಗಂಟಿನ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ಕೂತ್ಕೊಳ್ಳಿ" ಎಂದರು.

ಬಸ್ಸು ಹೊರಟಿತು. ಊರು ದಾಟಿದ ಮೇಲೆ ಆ ಹೆಂಗಸು ಮಾತಿಗೆಳೆದಳು. "ತಮ್ದು ಯಾವೂರಾಯ್ತು?"

ನಾನು ಹಿಂದಿನ ಸೀಟಿನಿಂದ ಮುಂದಕ್ಕೆ ಬಗ್ಗಿ ಕಿವಿಗೊಟ್ಟೆ. ಅಂದು ಮನೆಗೆ ಬಂದು ಹಳೆಯ ದಿನಚರಿ ಹುಡುಕಿ ತೆಗೆದು, ಹಿಂದಿನ ಪುಟದಲ್ಲಿ ಜಡೆಯ ಎದುರಿಗೆ ಇನ್ನೊಂದು ಗೀಟು ಹಾಕಿದೆ.